ಕಂಪೌಂಡರ್ ಚಿದಂಬರನ ತಪ್ಪಿನ ವಿಮೆ

ಕಕ್ಕಬೆಯ ಸರ್ಕಾರಿ ಔಷಧಾಲಯಕ್ಕೆ ಡಾಕ್ಟರು ಬರುತ್ತಿದ್ದದ್ದು ಬುಧವಾರ ಮಾತ್ರ. ಉಳಿದ ಆರು ದಿನ ಅಲ್ಲಿ ಕಂಪೌಂಡರ್ ಚಿದಂಬರನದೇ ದರ್ಬಾರು. ಊರಿನ ಜ್ವರ, ಕೆಮ್ಮು, ಹೊಟ್ಟೆನೋವುಗಳಿಗೆ ಬುಧವಾರದ ಪರಿವೆ ಇಲ್ಲದ್ದರಿಂದ ಜನ ಅವನನ್ನೇ 'ಡಾಕ್ಟ್ರೇ' ಎಂದು ಕರೆಯತೊಡಗಿದ್ದರು. ಮೊದಮೊದಲು ಚಿದಂಬರ "ನಾನು ಬರೀ ಕಂಪೌಂಡರು" ಎಂದು ತಿದ್ದುತ್ತಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ತಿದ್ದುವುದನ್ನು ಬಿಟ್ಟ. ಎರಡನೆಯ ವರ್ಷ ಯಾರಾದರೂ 'ಕಂಪೌಂಡ್ರೇ' ಎಂದು ಕೂಗಿದರೆ ಅವನಿಗೆ ಕಿವಿಯೇ ಕೇಳಿಸದಂತಾಯಿತು. ಭಾಗಮಂಡಲದ ಪುರೋಹಿತರ ಮನೆಯಲ್ಲಿ ಹುಟ್ಟಿ, ಮಂತ್ರ ನಾಲಗೆಗೆ ಹತ್ತದೆ, ಮಡಿಕೇರಿಯಲ್ಲಿ ಸೀಸೆ ತೊಳೆಯುತ್ತ ಮದ್ದು ಬೆರೆಸುವುದನ್ನು ಕಲಿತವನು ಅವನು. ಇಷ್ಟು ಗೌರವ ಅವನಿಗೆ ಸ್ವಲ್ಪ ಹೆಚ್ಚೇ ಆಯಿತು, ಹೆಚ್ಚಾದದ್ದು ನೆಟ್ಟಗೆ ತಲೆಗೇರಿತು.

ಇಂಥ ಸುಸಮಯದಲ್ಲಿ ಅವನ ಹೆಂಡತಿ ವೇದಾವತಿಯ ದೊಡ್ಡಪ್ಪನ ಮಗ ಸುಬ್ಬಣ್ಣ ಮಂಗಳೂರಿನಿಂದ ಬಂದಿಳಿದ. ಅವನು ಒಂದು ವಿಮಾ ಕಂಪನಿಯ ಏಜೆಂಟು. ಊಟಕ್ಕೆ ಕುಳಿತಾಗ ಸಾರಿನ ರುಚಿಯನ್ನು ಹೊಗಳಿದ, ಮಜ್ಜಿಗೆಗೆ ಬರುವ ಹೊತ್ತಿಗೆ ಚೀಲದಿಂದ ಕಾಗದ ತೆಗೆದ.

"ಭಾವ, ಬೊಂಬಾಯಿಯ ದೊಡ್ಡ ದೊಡ್ಡ ಸರ್ಜನ್ನುಗಳು ಈ ಪಾಲಿಸಿ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ. ಈಗ ನರ್ಸಮ್ಮಂದಿರು ಸಹ ತೆಗೆದುಕೊಳ್ತಾ ಇದ್ದಾರೆ."

"ಜೀವವಿಮೆಯಾ? ನನಗಿನ್ನೂ ಮೂವತ್ತಾರು, ಮಾರಾಯ."

"ನಿಮ್ಮ ಜೀವದ್ದಲ್ಲ ಭಾವ, ನಿಮ್ಮ ತಪ್ಪಿನದ್ದು. ನೀವು ಕೊಟ್ಟ ಮದ್ದಿನಿಂದ ರೋಗಿಗೆ ಏನೋ ಹೆಚ್ಚುಕಮ್ಮಿ ಆಯ್ತು ಅನ್ನಿ. ಅವನ ಕಡೆಯವರು ನಿಮ್ಮನ್ನು ಕೋರ್ಟಿಗೆ ಎಳೀತಾರೆ. ವಕೀಲರು, ಪರಿಹಾರ, ಎಲ್ಲಾ ಕಂಪನಿ ನೋಡಿಕೊಳ್ತದೆ. ನೀವು ಕಾಲ ಮೇಲೆ ಕಾಲು ಹಾಕಿ ಕೂತಿರಬಹುದು."

"ನಾನು ತಪ್ಪೇ ಮಾಡೋದಿಲ್ಲವಲ್ಲ?"

ಸುಬ್ಬಣ್ಣ ಕೈ ತೊಳೆದುಕೊಂಡು ನಿಧಾನವಾಗಿ ಹೇಳಿದ: "ಕಂಪೌಂಡರುಗಳು ಹಾಗೆ ಹೇಳ್ತಾರೆ ಭಾವ. ಡಾಕ್ಟರುಗಳು ಪಾಲಿಸಿ ತೆಗೆದುಕೊಳ್ತಾರೆ."

ಚಿದಂಬರ ಎಂಜಲು ಕೈಯಲ್ಲೇ ಸಹಿ ಹಾಕಲು ಹೊರಟಿದ್ದ. ವೇದಾವತಿ ಕೈ ತೊಳೆಸಿ ಸಹಿ ಹಾಕಿಸಿದಳು.

ತಿಂಗಳೊಪ್ಪತ್ತಿನಲ್ಲಿ ಅಂಚೆಯಲ್ಲಿ ಪಾಲಿಸಿ ಬಂತು. ಅದರ ನೆತ್ತಿಯಲ್ಲಿ ಒಂದು ಹಡಗು, ಹಡಗಿನ ಮೇಲೆ ಒಂದು ಸಿಂಹ, ಬುಡದಲ್ಲಿ ಅಂಗೈಯಗಲದ ಕೆಂಪು ಮುದ್ರೆ. ಇಷ್ಟು ಅಂದದ ಕಾಗದವನ್ನು ಪೆಟ್ಟಿಗೆಯಲ್ಲಿ ಹುದುಗಿಸಿಡುವುದು ಚಿದಂಬರನಿಗೆ ಪಾಪವೆಂದು ತೋರಿತು. ಬಡಗಿಯಿಂದ ಬೀಟೆ ಮರದ ಚೌಕಟ್ಟು ಮಾಡಿಸಿ, ಗಾಜು ಹಾಕಿಸಿ, ಸೋಮವಾರ ಬೆಳಿಗ್ಗೆ ಔಷಧಾಲಯದ ಗೋಡೆಯ ಮೇಲೆ ಚಕ್ರವರ್ತಿಗಳ ಚಿತ್ರದ ಪಕ್ಕದಲ್ಲೇ ತೂಗುಹಾಕಿದ. ರಾಜಭಕ್ತಿಯಿಂದ ಒಂದು ಅಂಗುಲ ಕೆಳಗೆ ಹಾಕಿದನೆಂಬುದನ್ನು ಇಲ್ಲಿ ಹೇಳಲೇಬೇಕು.

ಹೊರಗಿನ ಬೆಂಚಿನಲ್ಲಿ ಅಂದು ಒಂಬತ್ತು ಜನ ರೋಗಿಗಳಿದ್ದರು. ಅವರಲ್ಲಿ ಶಾಲೆಯ ಸಾಂತಪ್ಪ ಮೇಷ್ಟ್ರೂ ಒಬ್ಬರು. ಅವರಿಗೆ ವಾಯು. ಓದಲು ಬರುವವರು ಅವರೊಬ್ಬರೇ ಆದ್ದರಿಂದ ಎಲ್ಲರೂ ಸೇರಿ ಅವರನ್ನು ಚೌಕಟ್ಟಿನ ಮುಂದೆ ನಿಲ್ಲಿಸಿದರು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿಯೂ ಇತ್ತು. ಮೇಷ್ಟ್ರು ಪಾಠ ಓದುವ ರಾಗದಲ್ಲಿ ಓದಿದರು:

"'ಸದರಿ ಚಿದಂಬರ ಎಂಬವರು ಔಷಧ ಕೊಡುವಲ್ಲಿ ಮಾಡುವ ತಪ್ಪು, ಮರೆವು, ಅಲಕ್ಷ್ಯಗಳಿಂದ ಯಾರಿಗಾದರೂ ಅಂಗಹಾನಿಯಾಗಲೀ ಪ್ರಾಣಹಾನಿಯಾಗಲೀ ಸಂಭವಿಸಿದಲ್ಲಿ, ಸದರಿಯವರಿಗೆ ಯಾವ ನಷ್ಟವೂ ತಟ್ಟದಂತೆ ಕಂಪನಿಯು ಕಾಯತಕ್ಕದ್ದು.'"

ಏಲಕ್ಕಿ ತೋಟ ಕಾಯುವ ಮುತ್ತ ಎದ್ದು ನಿಂತ. ಅವನಿಗೆ ಮೂರು ದಿನದ ಜ್ವರ, ಆದರೂ ಎದ್ದ.

"ಮೇಷ್ಟ್ರೇ, ಪ್ರಾಣಹಾನಿ ಅಂತ ಬರ್ದಿದ್ದಾರಾ? ಸರೀ ನೋಡಿ."

"ಬರೆದಿದೆ ಮುತ್ತ. ದೀರ್ಘ ಸಹಿತ ಬರೆದಿದೆ."

"ಅಂದ್ರೆ ಇವರ ಕೈಯಲ್ಲಿ ನಾವು ಸತ್ತರೆ ಇವರಿಗೆ ಎಂತದೂ ಆಗೋದಿಲ್ಲ?"

"ಕಾಗದ ಹಾಗೇ ಹೇಳ್ತದೆ."

ಮುತ್ತನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಬೇರೆ ಯಾವ ಸೀಮೆಯವರಿಗಾದರೂ ಹೀಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಕೊಡಗಿನವನಿಗೆ ಆಗಲೇಬೇಕು. "ನಮಗೆ ಕೋವಿ ಇಟ್ಟುಕೊಳ್ಳಲಿಕ್ಕೆ ಲೈಸನ್ಸು ಬೇಡ ಅಂತ ಸರ್ಕಾರದ ಮಾಫಿ ಉಂಟಲ್ಲ, ಇದು ಅದೇ! ಕೊಡವನಿಗೆ ಕೋವಿಗೆ ಮಾಫಿ, ಡಾಕ್ಟ್ರಿಗೆ ಮದ್ದಿಗೆ ಮಾಫಿ. ಮೊಹರು ನೋಡಿ, ರಕ್ತದ ಬಣ್ಣ!"

ಚಿದಂಬರ ಒಳಗಿನಿಂದ ಕ್ವಿನೈನಿನ ಲೋಟ ಹಿಡಿದು ಹೊರಗೆ ಬಂದ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಮೇಷ್ಟ್ರು ತಮ್ಮ ಕೊಡೆಯನ್ನೂ ಬಿಟ್ಟು ಹೋಗಿದ್ದರು.

ಮಂಗಳವಾರ ಒಂದು ನಾಯಿ ಬಂದು ಬೆಂಚಿನ ಕೆಳಗೆ ಮಲಗಿತು, ರೋಗಿಗಳು ಬರಲಿಲ್ಲ. ಊರಿನ ಆರೋಗ್ಯ ಇದ್ದಕ್ಕಿದ್ದಂತೆ ಸುಧಾರಿಸಿಬಿಟ್ಟಿತ್ತು. ಜ್ವರದ ಮುತ್ತ ಮರ ಹತ್ತಿ ಮೆಣಸು ಕೊಯ್ಯುತ್ತಿದ್ದ. ಎದುರಿಗೆ ಸಿಕ್ಕವರನ್ನು ಚಿದಂಬರ "ಹೇಗಿದ್ದೀರಿ?" ಎಂದು ಕೇಳಿದರೆ ಸಾಕು, "ಚೆನ್ನಾಗಿದ್ದೇನೆ, ಡಾಕ್ಟ್ರೇ, ದೇವರಾಣೆಗೂ ಚೆನ್ನಾಗಿದ್ದೇನೆ" ಎಂದು ಗದ್ದೆಗೆ ಇಳಿದು ದಾರಿ ಬಿಡುತ್ತಿದ್ದರು.

ಬುಧವಾರ ಡಾಕ್ಟರು ಬಂದರು. ಖಾಲಿ ಬೆಂಚನ್ನು ನೋಡಿದರು, ರೋಗಿಗಳ ರಿಜಿಸ್ಟರನ್ನು ನೋಡಿದರು, ಚಿದಂಬರನನ್ನು ನೋಡಿದರು. ಕೊನೆಗೆ ಚೌಕಟ್ಟನ್ನು ಓದಿದರು.

"ಇದನ್ನು ಇಲ್ಲಿ ತೂಗುಹಾಕು ಅಂತ ನಿನಗೆ ಯಾರಯ್ಯಾ ಹೇಳಿದ್ದು?"

"ಬೊಂಬಾಯಿಯಲ್ಲಿ ಸರ್ಜನ್ನುಗಳು..."

"ಮುಂದಿನ ಬುಧವಾರ ಈ ಬೆಂಚು ತುಂಬಿರಬೇಕು. ಇಲ್ಲದಿದ್ದರೆ ಔಷಧಾಲಯವನ್ನು ನಾಪೋಕ್ಲಿಗೆ ಎತ್ತಿಸ್ತೇನೆ. ನೀನು ಮಡಿಕೇರಿಗೆ ಬಂದು ಮತ್ತೆ ಸೀಸೆ ತೊಳೆ."

ಚಿದಂಬರ ಆ ರಾತ್ರಿ ಉಣ್ಣಲಿಲ್ಲ. ಆದರೆ ಚೌಕಟ್ಟನ್ನೂ ಇಳಿಸಲಿಲ್ಲ. ಬೀಟೆಯದ್ದು, ಸ್ವಾಮಿ.

ಗುರುವಾರ ಬೆಳಿಗ್ಗೆ, ಅಚ್ಚರಿಯೆಂಬಂತೆ, ಒಬ್ಬರು ಬಂದರು. ಹೊಳೆಯಾಚೆಯ ದೊಡ್ಡ ಮನೆಯ ಬೋಜಣ್ಣ. ಕಂಕುಳಲ್ಲಿ ಬ್ರಾಂದಿಯ ಹಸಿರು ಖಾಲಿ ಸೀಸೆ. ಮದ್ದಿಗೆ ಸೀಸೆಯನ್ನು ಮನೆಯಿಂದಲೇ ತರಬೇಕಿದ್ದ ಕಾಲ ಅದು, ಆ ಮನೆಯಲ್ಲಿ ಬೇರೆ ಥರದ ಸೀಸೆ ಇರಲಿಲ್ಲ.

"ಅವ್ವನಿಗೆ ಕೆಮ್ಮು, ಡಾಕ್ಟ್ರೇ. ನನ್ನ ಹೆಂಡತಿ ಚೋಮಿಗೆ ದಿನ ತುಂಬಿದೆ, ಇವತ್ತೋ ನಾಳೆಯೋ. ಅಜ್ಜಿ ಹೀಗೆ ಕೆಮ್ಮಿದ್ರೆ ಹುಟ್ಟಿದ ಮಗು ಮಲಗ್ತದಾ? ಅವ್ವನೇ ಕಳಿಸಿದ್ದು. ನಿಮ್ಮ ಕಾಗದಕ್ಕೆಲ್ಲ ಹೆದರೋದಿಲ್ಲ ಅಂದ್ರು."

ಚಿದಂಬರನಿಗೆ ಕಣ್ಣಲ್ಲಿ ನೀರು ಬಂತು. ಮೂರು ದಿನದ ಮೇಲೆ ಬಂದ ರೋಗಿ! ಅದೂ ಬೊಳ್ಳಮ್ಮನವರು, ಎಂಬತ್ತರ ಹಿರಿಯರು, ಪ್ರತಿ ವರ್ಷ ಚಿದಂಬರನ ಮನೆಗೆ ಒಂದು ಕುಕ್ಕೆ ಕಿತ್ತಳೆ ಕಳಿಸುವವರು. ಅವನು ದೊಡ್ಡ ಜಾಡಿಯನ್ನೆತ್ತಿ ಸೀಸೆಗೆ ಹುಯ್ಯತೊಡಗಿದ. ಅಷ್ಟರಲ್ಲಿ ಗೋಡೆಯ ಚೌಕಟ್ಟು ಸ್ವಲ್ಪ ವಾಲಿದ್ದು ಕಂಡಿತು. ಒಂದು ಕಣ್ಣು ಸೀಸೆಯ ಮೇಲೆ, ಒಂದು ಕಣ್ಣು ಚೌಕಟ್ಟಿನ ಮೇಲೆ ಇಟ್ಟು ತುಂಬಿಸಿದ, ಬಿರಡೆ ಹಾಕಿದ, ಸೀಸೆಯ ಬೆನ್ನಿಗೆ ಅಳತೆಗೆಂದು ಆರು ಗೀಟಿನ ಕಾಗದ ಅಂಟಿಸಿದ.

"ಒಂದೊಂದು ಗೀಟು, ದಿನಕ್ಕೆ ಮೂರು ಸಲ. ಕುಡಿದ ಮೇಲೆ ಬಿಸಿನೀರು."

ಬೋಜಣ್ಣ ಹೋದ. ಚಿದಂಬರ ಚೌಕಟ್ಟನ್ನು ನೆಟ್ಟಗೆ ಮಾಡಿ, ಹಾಡು ಗುನುಗುತ್ತ ರಿಜಿಸ್ಟರಿನಲ್ಲಿ ಬೊಳ್ಳಮ್ಮನವರ ಹೆಸರನ್ನು ದುಂಡಾಗಿ ಬರೆದ. ಮಧ್ಯಾಹ್ನ ಜಾಡಿಗಳ ದೂಳು ಒರೆಸುವಾಗ ಅವನ ಹಾಡು ನಿಂತಿತು.

ಕೆಮ್ಮಿನ ಮದ್ದಿನ ಜಾಡಿ ಕಂಠದವರೆಗೆ ತುಂಬಿಯೇ ಇತ್ತು. ಅದರ ಪಕ್ಕದ ಜಾಡಿ ಒಂದು ಸೀಸೆಯಷ್ಟು ಇಳಿದಿತ್ತು. ಎರಡರಲ್ಲಿದ್ದದ್ದೂ ಹಾಲಿನಂಥ ಬಿಳಿ ನೀರೇ. ಆದರೆ ಎರಡನೆಯದರ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: 'ಮೈಗೆ ಹಚ್ಚಲು ಮಾತ್ರ. ವಿಷ.' ಉಳುಕಿಗೆ, ಕೀಲುನೋವಿಗೆ ತಿಕ್ಕುವ, ಟರ್ಪೆಂಟೈನು ಬೆರೆಸಿದ ಮದ್ದು.

ಚಿದಂಬರ ಔಷಧಾಲಯದ ಹಿಂದಿನ ತನ್ನ ಮನೆಗೆ ಬಂದು, ಹೊಸ್ತಿಲ ಮೇಲೆಯೇ ಕುಳಿತು, ಹೆಂಡತಿಗೆ ಹೇಳಿದ.

ವೇದಾವತಿಯ ಕೈಯಿಂದ ಸೌಟು ಬಿತ್ತು. "ಅಯ್ಯೋ! ಓಡಿ! ಕುಡೀಬೇಡಿ ಅಂತ ಹೇಳಿ ಬನ್ನಿ!"

"ತಾಳೇ, ಇಂಥಾದ್ದಕ್ಕೇ ಪಾಲಿಸಿ ಇರೋದು. ಏನು ಮಾಡಬೇಕೂಂತ ಅದರಲ್ಲೇ ಬರೆದಿರ್ತದೆ." ಚಿದಂಬರ ಎದ್ದು ಹೋಗಿ ಚೌಕಟ್ಟನ್ನು ಇಳಿಸಿ ತಂದ. ಮೊದಲ ಸಲ ಅದರ ಬುಡದ ಸಣ್ಣ ಅಕ್ಷರಗಳನ್ನು ಓದಿದ. ಓದುತ್ತ ಓದುತ್ತ ಮುಖ ಜಾಡಿಯ ಮದ್ದಿನ ಬಣ್ಣಕ್ಕೆ ತಿರುಗಿತು.

"'ವಿಮೆ ಪಡೆದವನು ತನ್ನ ತಪ್ಪನ್ನು ಯಾವ ಕಾರಣಕ್ಕೂ, ಯಾರ ಮುಂದೆಯೂ, ಬಾಯಿಮಾತಿನಲ್ಲಾಗಲೀ ಬರಹದಲ್ಲಾಗಲೀ ಒಪ್ಪಿಕೊಳ್ಳಕೂಡದು. ಒಪ್ಪಿಕೊಂಡಲ್ಲಿ ಈ ಪಾಲಿಸಿಯು ಅಲ್ಲಿಗೇ ರದ್ದಾಗತಕ್ಕದ್ದು.'"

"ಅಂದ್ರೆ?"

"ಕುಡೀಬೇಡಿ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಿದ್ರೆ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡ್ರೆ ಪಾಲಿಸಿ ಇಲ್ಲ. ಪಾಲಿಸಿ ಇಲ್ಲದಿದ್ರೆ ನಾನು ಜೈಲಿಗೆ."

"ಹೇಳದಿದ್ರೆ?"

"ಹೇಳದಿದ್ರೆ ಬೊಳ್ಳಮ್ಮನವರು ಹೋಗ್ತಾರೆ. ಆದರೆ ಕಂಪನಿ ನನ್ನ ಕಡೆ ಇರ್ತದೆ."

ವೇದಾವತಿ ಗಂಡನನ್ನು ನೋಡಿದ ನೋಟ ಹೇಗಿತ್ತೆಂದರೆ ಚಿದಂಬರ ಉಳಿದ ಷರತ್ತುಗಳನ್ನು ಓದದೆ ಚೌಕಟ್ಟನ್ನು ಕೆಳಗಿಟ್ಟ. "ನಿಮ್ಮ ಕಂಪನಿ ಕಿತ್ತಳೆ ಕಳಿಸ್ತದಾ?" ಎಂದಳು ಅವಳು. "ನಮ್ಮ ಸುಬ್ಬಣ್ಣ ಇನ್ನು ಈ ಮನೆಗೆ ಬರಲಿ, ಅವನಿಗೆ ಮಜ್ಜಿಗೆ ಹಾಕ್ತೇನೆ ನಾನು. ಈಗ ಹೋಗ್ತೀರೋ, ನಾನು ಹೋಗ್ಲೋ?"

ಚಿದಂಬರ ಹೊರಟ. ಆದರೆ ಅವನೂ ಮನುಷ್ಯನೇ. ತಪ್ಪನ್ನು ಒಪ್ಪಿಕೊಳ್ಳದೆ ಅಜ್ಜಿಯನ್ನು ಉಳಿಸುವ ಉಪಾಯವೇನಾದರೂ ಇದೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದ. ಸೇತುವೆಯ ಹತ್ತಿರ ಸಾಂತಪ್ಪ ಮೇಷ್ಟ್ರು ಸಿಕ್ಕಿದರು. ಅವನನ್ನು ಕಂಡು ಓಡಲು ನೋಡಿದರು, ಚಿದಂಬರ ಅವರ ಕೋಟು ಹಿಡಿದುಕೊಂಡ.

"ಮೇಷ್ಟ್ರೇ, ನೀವು ಬೇಗ ನಡೀತೀರಿ. ಮುಂದೆ ಹೋಗಿ ಬೊಳ್ಳಮ್ಮನವರಿಗೆ ಒಂದು ಮಾತು ಹೇಳಿ. ಕೆಮ್ಮು ಬಹಳ ಒಳ್ಳೇದು, ಎದೆಗೆ ವ್ಯಾಯಾಮ, ಅದನ್ನು ನಿಲ್ಲಿಸಲೇಬಾರದು ಅಂತ."

"ಯಾಕೆ?"

"ಯಾಕೆ ಅಂತ ಕೇಳಬೇಡಿ!"

"ಮದ್ದು ಕೊಟ್ಟಿದ್ದೀರಲ್ಲ, ಬೋಜಣ್ಣ ಬೆಳಿಗ್ಗೆ ತೋರಿಸಿದ."

"ಮದ್ದು ಬಹಳ ಒಳ್ಳೆ ಮದ್ದು. ಕುಡೀಬಾರದು ಅಷ್ಟೆ."

ಅದೇ ಹೊತ್ತಿಗೆ ಹೊಳೆಯಾಚೆಯ ಗುಡ್ಡದಿಂದ ಢಂ ಎಂದು ಒಂದು ಗುಂಡು ಹಾರಿತು. ಅದರ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಮುಗಿಯುವ ಮೊದಲೇ ಇನ್ನೊಂದು, ಢಂ.

ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಜೋಡಿ ಗುಂಡು. ಕೊಡಗಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗದ್ದೆಯಲ್ಲಿ ಬಗ್ಗಿದವರು ನೆಟ್ಟಗಾದರು, ತೋಟದಲ್ಲಿದ್ದವರು ಕತ್ತಿಯನ್ನು ಮರಕ್ಕೆ ಕಚ್ಚಿಸಿ ಹೊರಟರು, ಹೆಂಗಸರು ತಲೆವಸ್ತ್ರ ಸರಿಮಾಡಿಕೊಂಡರು. ಮೇಷ್ಟ್ರು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಎಷ್ಟು ಗೀಟು ಕೊಟ್ಟಿದ್ರಿ?"

ಚಿದಂಬರ ಓಡಿದ. ಪಂಚೆ ಮುಳ್ಳುಬೇಲಿಗೆ ಸಿಕ್ಕಿ ಹರಿಯಿತು, ಒಂದು ಚಪ್ಪಲಿ ಗದ್ದೆಯ ಕೆಸರಲ್ಲಿ ಉಳಿಯಿತು. ಅವನ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಮುತ್ತ, ಮುತ್ತನ ಹಿಂದೆ ಮೂವತ್ತು ನಲವತ್ತು ಜನ. ಆ ದಿನ ಕಂದಾಯದ ಕೆಲಸಕ್ಕೆ ಕಕ್ಕಬೆಗೆ ಬಂದಿದ್ದ ಪಾರ್ಪತ್ತೇಗಾರ ಮಾಯಿಲಪ್ಪನವರೂ ಸೇರಿಕೊಂಡರು. ಆ ನಾಡಿಗೆ ಅವರೇ ಸರ್ಕಾರ, ಸಾವಿನ ಮನೆಗೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ. ಮೆಟ್ಟಲು ಹತ್ತುವಾಗಲೇ ಹಿಂದಿನ ಹೆಂಗಸರು ಅಳಲು ಶುರುಮಾಡಿದ್ದರು.

ಅಂಗಳದಲ್ಲಿ ಬೋಜಣ್ಣ ಕೋವಿ ಹಿಡಿದು ನಿಂತಿದ್ದ. ನಳಿಗೆಯಿಂದ ಇನ್ನೂ ಹೊಗೆ ಬರುತ್ತಿತ್ತು, ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಚಿದಂಬರ ಬೇರೇನನ್ನೂ ನೋಡಲಿಲ್ಲ. ನೇರ ಹೋಗಿ ಅವನ ಕಾಲಿಗೆ ಬಿದ್ದ.

"ಬೋಜಣ್ಣ, ಇನ್ನೊಂದು ಗುಂಡು ನನಗೆ ಹಾರಿಸಿ! ನಿಮ್ಮ ಅವ್ವನನ್ನು ಕೊಂದವನು ನಾನು! ಕೆಮ್ಮಿನ ಮದ್ದಲ್ಲ ಅದು, ಉಳುಕಿಗೆ ಹಚ್ಚುವ ವಿಷ! ಚೌಕಟ್ಟು ವಾಲಿತ್ತು, ಅದನ್ನು ನೋಡ್ತಾ ಹೊಯ್ದುಬಿಟ್ಟೆ! ತಪ್ಪು ನನ್ನದು, ಮರೆವು ನನ್ನದು, ಅಲಕ್ಷ್ಯವೂ ನನ್ನದೇ!"

ಅಳುತ್ತಿದ್ದ ಹೆಂಗಸರು ಕೇಳಿಸಿಕೊಳ್ಳಲಿಕ್ಕಾಗಿ ಅಳು ನಿಲ್ಲಿಸಿದರು. ಮಾಯಿಲಪ್ಪನವರು ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲನ್ನು ನಾಲಗೆಗೆ ಮುಟ್ಟಿಸಿದರು.

"ಯಾರನ್ನು ಕೊಂದಿದ್ದು?" ಎಂದು ಜಗಲಿಯಿಂದ ಒಂದು ಧ್ವನಿ ಕೇಳಿತು.

"ಬೊಳ್ಳಮ್ಮನವರನ್ನು," ಎಂದ ಚಿದಂಬರ, ತಲೆ ಎತ್ತದೆ.

"ನನ್ನನ್ನಾ?"

ಚಿದಂಬರ ತಲೆ ಎತ್ತಿದ. ಜಗಲಿಯ ಕಂಬಗಳ ನಡುವಿನ ಮರದ ಹಲಗೆಯ ಮೇಲೆ ಬೊಳ್ಳಮ್ಮ ಎರಡೂ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ಹಸಿರು ಸೀಸೆ. ಅಂಗಳ ತುಂಬ ನಿಂತ ಜನ "ಹೋ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬಿಬ್ಬರು ಮೆಟ್ಟಲಿನವರೆಗೆ ಓಡಿಯೂ ಬಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಸೂಲಗಿತ್ತಿ ದೊಡ್ಡಿ ಎರಡು ಕೈಯಲ್ಲೂ ಒಂದೊಂದು ಬಟ್ಟೆಯ ಗಂಟು ಹಿಡಿದು ಬಂದಳು. ಎರಡೂ ಗಂಟು ಕಿರಿಚುತ್ತಿದ್ದವು. "ಎಂತ ಇದು ಗಲಾಟೆ? ಬಾಣಂತಿ ಮನೆಯಾ, ಸಂತೆಯಾ? ಚೋಮಿ ಮಲಗಬೇಕು."

ಮಾಯಿಲಪ್ಪನವರು ಪೆನ್ಸಿಲನ್ನು ಬಾಯಿಂದ ತೆಗೆದರು. "ಹುಟ್ಟಿಗೆ ಒಂದೇ ಗುಂಡಲ್ಲವಾ ಬೋಜಣ್ಣ? ಎರಡು ಯಾಕೆ ಹೊಡೆದೆ?"

"ಎಂತ ಮಾಡೋದು ಸಾರ್? ಒಂದು ಹಾರಿಸಿದೆ. ಹೊಗೆ ಆರಲಿಲ್ಲ, ಒಳಗಿಂದ ದೊಡ್ಡಿ 'ಇನ್ನೊಂದು ಗಂಡು' ಅಂತ ಕೂಗಿದಳು. ಒಬ್ಬ ಮಗನಿಗೆ ಹಾರಿಸಿ ಇನ್ನೊಬ್ಬನಿಗೆ ಬಿಡ್ಲಿಕ್ಕೆ ಆಗ್ತದಾ? ದೊಡ್ಡವನಾದ ಮೇಲೆ ಕೇಳೋದಿಲ್ಲವಾ?"

ಸರ್ಕಾರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಿತು. ಸಾವಿಗೆ ಬಂದ ಜನಕ್ಕೆ ಈಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಚಿದಂಬರ ಮಾತ್ರ ಮೊಣಕಾಲೂರಿಕೊಂಡೇ ಜಗಲಿಯವರೆಗೆ ಹೋಗಿ ಸೀಸೆ ಎತ್ತಿ ನೋಡಿದ. ಎರಡು ಗೀಟು ಖಾಲಿಯಾಗಿತ್ತು.

"ಅಮ್ಮಾ, ಕುಡಿದಿರಾ?"

"ನನಗೆಂತ ಹುಚ್ಚಾ? ಬಿರಡೆ ತೆಗೆದೆ, ವಾಸನೆ ಮೂಗಿಗೆ ಹೊಡೀತು. ನಿನ್ನ ಕಾಗದದ ನೆನಪಾಯ್ತು."

"ಕಾಗದಕ್ಕೆ ಹೆದರೋದಿಲ್ಲ ಅಂದಿದ್ರಂತಲ್ಲ?"

"ಕಾಗದಕ್ಕೆ ಯಾರು ಹೆದರ್ತಾರೆ? ಹೆದರಿದ್ದು ಮದ್ದಿಗೆ. ಕೊಲ್ಲೋದಾದ್ರೆ ಒಳಗೆ ಹೋಗಿ ಕೊಲ್ಲಬೇಕಲ್ಲ, ಹೊರಗೆ ಹಚ್ಚಿದ್ರೆ ಎಂತ ಮಾಡ್ತದೆ ಅಂತ ಮಂಡಿಗೆ ತಿಕ್ಕಿದೆ." ಬೊಳ್ಳಮ್ಮ ಹಲಗೆಯಿಂದ ಇಳಿದು, ಯಾರ ಕೈಯನ್ನೂ ಹಿಡಿಯದೆ, ಅಂಗಳದಲ್ಲಿ ಒಂದು ಸುತ್ತು ನಡೆದು ತೋರಿಸಿದರು. ಏಳು ವರ್ಷದಿಂದ ಕೋಲಿಲ್ಲದೆ ನಡೆಯದವರು ಅವರು. ಸುತ್ತು ಮುಗಿಸಿ ಜೋರಾಗಿ ಕೆಮ್ಮಿದರು. "ಕೆಮ್ಮು ಹಾಗೇ ಉಂಟು."

ಚಿದಂಬರನಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ಗಟ್ಟಿಯಾಗಿ ಅತ್ತುಬಿಟ್ಟ. ಅವನು ಅಳುವುದನ್ನು ನೋಡಿ, ಅಷ್ಟು ದೂರ ಅಳಲೆಂದೇ ಬಂದಿದ್ದ ಹೆಂಗಸರೂ ಮತ್ತೆ ಶುರುಮಾಡಿದರು. ಬೋಜಣ್ಣ ಹರಳುಗಿಡದ ದಂಟಿನಲ್ಲಿ ಒಂದು ಪುಟ್ಟ ಬಿಲ್ಲು ಮಾಡಿಟ್ಟಿದ್ದ, ಹುಟ್ಟಿದ ಗಂಡುಮಗುವಿನ ಕೈಗೆ ಮುಟ್ಟಿಸಲು. ಅಳು ನಿಲ್ಲುವವರೆಗೆ ಅಲ್ಲೇ ಕೂತು ಎರಡನೆಯದನ್ನು ಮಾಡಿದ.

ಕೊನೆಗೆ ಬೊಳ್ಳಮ್ಮ ಕೈ ಎತ್ತಿದರು. "ಸಾಕು. ಇವನು ಕೊಂದೆ ಅಂತ ಓಡಿ ಬಂದ, ಓಡಿ ಹೋಗಲಿಲ್ಲ. ಹಾಗಾಗಿ ಇವನ ಮದ್ದು ಕುಡೀಬಹುದು. ಆದ್ರೆ ಒಂದು ಮಾತು. ಇನ್ನು ಮೇಲೆ ಕುಡಿಯುವ ಮದ್ದು ಎಂತದೇ ಇರಲಿ, ರೋಗಿಗೆ ಕೊಡುವ ಮೊದಲು ಇವನು ಒಂದು ಗೀಟು ಕುಡೀಬೇಕು. ಎಲ್ಲರ ಮುಂದೆ."

"ನ್ಯಾಯ," ಎಂದ ಮುತ್ತ.

"ಬಹಳ ನ್ಯಾಯ," ಎಂದರು ಮೇಷ್ಟ್ರು. ಮಾಯಿಲಪ್ಪನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೀಟು ಎಳೆದರು.

ಸುದ್ದಿ ಸುಬ್ಬಣ್ಣನಿಗೂ ಮುಟ್ಟಿತು. ಸೋಮವಾರ ತಂತಿ ಬಂತು: ನಲವತ್ತು ಜನರ, ಒಬ್ಬ ಅಧಿಕಾರಿಯ ಸಮಕ್ಷಮ ತಪ್ಪೊಪ್ಪಿಗೆ, ಪಾಲಿಸಿ ರದ್ದು. ಚಿದಂಬರ ಕಾಗದವನ್ನು ಒಲೆಗೆ ಹಾಕಿದ. ಚೌಕಟ್ಟನ್ನು ವೇದಾವತಿ ಹಪ್ಪಳ ಒಣಗಿಸಲು ತೆಗೆದುಕೊಂಡಳು.

ಬುಧವಾರ ಡಾಕ್ಟರು ಬಂದಾಗ ಬೆಂಚು ತುಂಬಿ, ಜಗಲಿ ತುಂಬಿ, ಜನ ಹಲಸಿನ ಮರದವರೆಗೆ ಸಾಲು ನಿಂತಿದ್ದರು. ಊರಿನ ಹತ್ತು ದಿನದ ಕಾಯಿಲೆಗಳು ಒಂದೇ ಸಲ ಬಂದಿದ್ದವು. ಅದೂ ಅಲ್ಲದೆ ಮಳೆಗಾಲಕ್ಕೆ ಮೊದಲು ಹೊಟ್ಟೆ ತೊಳೆದುಕೊಳ್ಳುವ ಕಾಲ. ಡಾಕ್ಟರು ರಿಜಿಸ್ಟರು ನೋಡಿದರು. ಹೊತ್ತು ಹತ್ತು ಗಂಟೆಯಾಗಿರಲಿಲ್ಲ, ಆಗಲೇ ಹನ್ನೊಂದು ಹೆಸರುಗಳಿದ್ದವು, ಅವುಗಳಲ್ಲಿ ಎಂಟು ಹೆಸರುಗಳ ಮುಂದೆ 'ಹರಳೆಣ್ಣೆ' ಎಂದು ಬರೆದಿತ್ತು. ಮೊದಮೊದಲ ಹೆಸರುಗಳು ದುಂಡಾಗಿದ್ದವು, ಕೊನೆಕೊನೆಯವು ಸೊಟ್ಟಗಾಗಿದ್ದವು.

"ಶಹಬಾಸ್!" ಎಂದರು ಡಾಕ್ಟರು. "ಕಂಪೌಂಡರ್ ಎಲ್ಲಿ?"

ಸಾಂತಪ್ಪ ಮೇಷ್ಟ್ರು ಎದ್ದು ನಿಂತು, ಟೋಪಿ ತೆಗೆದು, ಬಹಳ ಗೌರವದಿಂದ ಹೇಳಿದರು: "ನಮ್ಮ ಡಾಕ್ಟ್ರು ಹಿತ್ತಿಲಿಗೆ ಹೋಗಿದ್ದಾರೆ ಸಾರ್. ಬೆಳಿಗ್ಗೆಯಿಂದ ಇದು ಏಳನೆಯ ಸಲ."